ಮಗ್ಗ ನಿಲ್ಲಿಸಿ ಆಡಿದ ಗಾಲ್ಫ್

ಕಳೆದ ಚಳಿಗಾಲದ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ. ಇಳಕಲ್ಲಿನ ನಮ್ಮ ಅಂಗಳದಲ್ಲಿ ನಾನು ಮತ್ತು ಗಾಲ್ಫನ್ನೇ ವೃತ್ತಿ ಮಾಡಿಕೊಂಡ ಮೊಮ್ಮಗಳು ಹಾಜರಿದ್ದೆವು. ನನ್ನ ಹೆಂಡತಿ ಒಳಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು.

ದೂರದ ಹೊಡೆತದಲ್ಲಿ ಮೊಮ್ಮಗಳಿಗೆ ತೊಂದರೆಯಿರಲಿಲ್ಲ. ಕುಳಿಯ ಹತ್ತಿರ ಬಂದ ಚೆಂಡನ್ನು ಮೆಲ್ಲಗೆ ಒಳಗೆ ತಳ್ಳುವಾಗ ಮಾತ್ರ ಕೆಲವು ತಿಂಗಳಿಂದ ಗುರಿ ತಪ್ಪುತ್ತಿತ್ತು. ಜನ ತುಟಿ ಬಿಚ್ಚದೆ ನೋಡುತ್ತಾರಲ್ಲ, ಆ ನಿಶ್ಶಬ್ದಕ್ಕೇ ಹೆದರುತ್ತಿದ್ದಳು. ಮುಂದಿನ ವಾರದ ಪಂದ್ಯ ಆಡುವುದೋ ಬಿಡುವುದೋ, ಅಂದು ಮಧ್ಯಾಹ್ನದೊಳಗೆ ತಿಳಿಸಬೇಕಿತ್ತು. ಫಲಿತಾಂಶ ಮರೆತು ಆಟವನ್ನು ಆನಂದಿಸು ಎಂದು ತರಬೇತುದಾರರು ಹೇಳಿದ್ದರು.

ನಾನು ನಿವೃತ್ತ ಡ್ರಿಲ್ ಮಾಸ್ತರ. ಆನಂದಕ್ಕೂ ವೇಳಾಪಟ್ಟಿ ಬೇಕು. ಏಳರಿಂದ ಏಳೂವರೆ ನಿಶ್ಶಬ್ದದ ಅಭ್ಯಾಸ, ಏಳೂವರೆಯಿಂದ ಎಂಟು ಆನಂದ, ಆಮೇಲೆ ಉಪ್ಪಿಟ್ಟು.

ನಿಶ್ಶಬ್ದಕ್ಕೆ ಅಡ್ಡಿಯಾಗಿದ್ದು ಓಣಿಯ ಪವರ್‌ಲೂಮ್‌ಗಳು. ಒಂದು ತಾಸು ಮಗ್ಗ ನಿಲ್ಲಿಸಲು ಹಾಲಿನವನ ಕೈಲಿ ಹೇಳಿ ಕಳಿಸಿದ್ದೆ. ಅವನು ಕಾರಣ ಹೇಳಲಿಲ್ಲ, ಮಗ್ಗದವರೂ ಕೇಳಲಿಲ್ಲ. ನಮ್ಮ ಓಣಿಯಲ್ಲಿ ಯಾವುದಾದರೂ ಮನೆಯಿಂದ ಹಾಗೆ ಹೇಳಿ ಕಳಿಸುವುದು ಸಾವಾದಾಗ ಮಾತ್ರ; ಅದು ನನಗೆ ಆಗ ಹೊಳೆಯಲಿಲ್ಲ.

ಏಳೂಕಾಲಿಗೆ ಜನ ಬಂದರು. ಚಪ್ಪಲಿ ಹೊರಗೆ ಬಿಟ್ಟು, ತಲೆ ತಗ್ಗಿಸಿ, ಗೋಡೆಗುಂಟ ಕುಳಿತರು. ಆಟ ನೋಡಲು ಬಂದಿದ್ದಾರೆಂದು ಹಿಗ್ಗಿದೆ. ಇಷ್ಟು ಶಿಸ್ತಿನ ಪ್ರೇಕ್ಷಕರನ್ನು ನಾನು ಕಂಡಿರಲಿಲ್ಲ.

ಎದುರುಮನೆಯವರು ನನ್ನ ಕೈ ಹಿಡಿದರು. "ಧೈರ್ಯ ತಗೋರಿ, ಮಾಸ್ತರ."

"ನನಗ್ಯಾಕ್ರಿ ಧೈರ್ಯ? ವೇಳಾ ಪ್ರಕಾರ ನಡದೈತಿ," ಎಂದೆ.

ಅವರು ಪಕ್ಕದವರತ್ತ ನೋಡಿ, ತಲೆಯ ಬಳಿ ಬೆರಳು ತಿರುಗಿಸಿದರು.

ಕುಳಿಯ ಬದಲು ನೆಲದಲ್ಲಿ ಅಡ್ಡ ಮಲಗಿಸಿದ್ದ ಸ್ಟೀಲ್ ಲೋಟಕ್ಕೆ ಗುರಿಯಿಟ್ಟು ಮೊಮ್ಮಗಳು ಚೆಂಡು ತಳ್ಳಿದಳು. ತಪ್ಪಿತು. ಮತ್ತೆ ತಪ್ಪಿತು. ಜನ ನಿಟ್ಟುಸಿರು ಬಿಟ್ಟರು. ಅವಳ ಕಣ್ಣು ತುಂಬಿತು. "ಅಜ್ಜಾ, ನಾ ಪಂದ್ಯಕ್ಕ ಹೋಗೂದಿಲ್ಲ. ಫೋನ್ ಮಾಡಿಬಿಡ್ತೇನಿ."

ಆಗಲೇ ಆನಂದದ ವೇಳೆ ಶುರುವಾಗಿತ್ತು. ಹುನಗುಂದದಿಂದ ನನ್ನ ಹೆಂಡತಿಯ ತಮ್ಮ ಬೈಕಿನಲ್ಲಿ ಬಂದಿಳಿದ. ಕೈಯಲ್ಲಿ ದೊಡ್ಡ ಹೂಮಾಲೆ. "ನಮ್ಮಕ್ಕನ್ನ ಎಲ್ಲಿ ಮಲಗಿಸೀರಿ, ಮಾವಾ?" ಎಂದು ಗೋಳೋ ಎಂದು ಅತ್ತ.

ನನ್ನ ಹೆಂಡತಿ ಸೌಟು ಹಿಡಿದು ಹೊರಬಂದಳು. "ಯಾಕಳ್ತೀಯೋ? ಯಾರು ಹೋದ್ರು?"

"ನೀನ ಹೋದಿ ಅಂತ ಓಣ್ಯಾಗಿನವ್ರು ಫೋನ್ ಮಾಡಿದ್ರಲ್ಲಬೇ ಅಕ್ಕಾ!"

"ನಾ ಹೋಗಿದ್ರ ಉಪ್ಪಿಟ್ಟು ಯಾರು ಮಾಡ್ತಿದ್ರೋ, ಖೋಡಿ?"

ಯಾರೂ ನಗಲಿಲ್ಲ. ಅಳಬೇಕೋ ಏಳಬೇಕೋ ತಿಳಿಯದೆ ಎಲ್ಲರೂ ಹಾಗೆಯೇ ಕುಳಿತಿದ್ದರು. ಮೊಮ್ಮಗಳೊಬ್ಬಳೇ ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಚೆಂಡು ತಳ್ಳಿದಳು. ಲೋಟ ಠಣ್ ಎಂದಿತು. ಇನ್ನೊಂದು ತಳ್ಳಿದಳು, ಅದೂ ಒಳಗೆ.

"ಪಂದ್ಯದಾಗ ಸುಮ್ಮ ನಿಂತು ನೋಡೋ ಮಂದಿನೂ ನಮ್ಮಜ್ಜಿ ಮಣ್ಣಿಗೆ ಬಂದಾರ ಅಂದ್ಕೋತೇನಿ," ಎಂದು ಕಣ್ಣೊರೆಸಿಕೊಂಡಳು. ನಂತರ ಫೋನ್ ಮಾಡಿ, ಆಡುತ್ತೇನೆ ಎಂದಳು.

ಎಂಟಕ್ಕೆ ಉಪ್ಪಿಟ್ಟು ಕೊಟ್ಟೆವು. ಸಾಲದೆ ಮತ್ತೊಮ್ಮೆ ಮಾಡಬೇಕಾಯಿತು. ಮಗ್ಗಗಳು ಸದ್ದು ಶುರುಮಾಡಿದವು. ಸಂಜೆ ಹೆಂಡತಿಯನ್ನು ಕರೆದುಕೊಂಡು, ಅವಳು ಬದುಕಿರುವುದನ್ನು ತೋರಿಸಲು ಮನೆಮನೆಗೆ ಹೋದೆ. ಕೊನೆಯ ಮನೆಯ ಮುದುಕಿ ಅವಳ ಕೈ ಚಿವುಟಿ ನೋಡಿ, ಚಹಾ ಕುಡಿಸಿದ ಮೇಲೆಯೇ ನಂಬಿದಳು. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.