ಧರ್ಮಕ್ಕೆ ರೊಟ್ಟಿ

ಪರೋಪಕಾರವು ಮನುಷ್ಯನ ಪರಮ ಕರ್ತವ್ಯ. ನೋಡುವವರು ನಾಲ್ಕು ಮಂದಿ ಇದ್ದರಂತೂ ಅದನ್ನು ತಡೆದುಕೊಳ್ಳುವುದೇ ಕಷ್ಟ. ತೊಂಬತ್ತರ ದಶಕದ ಕೊನೆಯಲ್ಲಿ ರಾಮದುರ್ಗದ ಬಸ್ ನಿಲ್ದಾಣದ ಎದುರು, ಗಂಡಂದಿರನ್ನು ಕಳೆದುಕೊಂಡ ಕೆಲವು ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಖಡಕ್ ರೊಟ್ಟಿಯ ಅಂಗಡಿ ತೆರೆದಿದ್ದರು. ಅವರನ್ನು ಉದ್ಧರಿಸುವ ಗಂಭೀರ ನಿರ್ಧಾರದೊಂದಿಗೆ ನಾನು ಅಲ್ಲಿಗೆ ಹೋಗಿ, ಎಲ್ಲರಿಗೂ ಕೇಳುವಂತೆ ಸಾರಿದೆ: "ಎರಡು ಕಟ್ಟು ರೊಟ್ಟಿ ಕೊಡವಾ. ನಮ್ಮ ಮನ್ಯಾಗ ರೊಟ್ಟಿಗೇನು ಬರ ಇಲ್ಲ. ಧರ್ಮಕ್ಕಂತ ತಗೊಳ್ಳಾಕತ್ತೇನಿ."

ನಮ್ಮ ಕಡೆ 'ಧರ್ಮಕ್ಕೆ' ಎಂದರೆ ಪುಕ್ಕಟೆ ಎಂದೂ ಅರ್ಥ. ಪುಣ್ಯದ ಭರದಲ್ಲಿ ಅದು ನನಗೆ ಹೊಳೆಯಲಿಲ್ಲ. ಅಂಗಡಿಯಲ್ಲಿ ಕೂತಿದ್ದ ಗಂಗವ್ವ ಮುಂದೆ ಚಾಚಿದ್ದ ಕಟ್ಟನ್ನು ಹಿಂದಕ್ಕೆ ಎಳೆದುಕೊಂಡಳು.

"ಧರ್ಮಕ್ಕ ಒಯ್ಯಾಕ ಇದೇನು ಮಠ ಏನ್ರಿ, ಯಜಮಾನ್ರ? ರುಚಿ ನೋಡ್ತೇವಂತ ಊರ ದೊಡ್ಡ ಮಂದಿ ಎಲ್ಲಾ ಹಿಂಗ ಒಯ್ದಾರ. ಇನ್ನೊಂದು ವಾರ ಹಿಂಗ ನಡೆದ್ರ ನಾವು ಬಾಗಲಾ ಹಾಕೂದ. ಧೋತರ ನೋಡಿದ್ರ ಸ್ಥಿತಿವಂತರ ಕಾಣ್ತೀರಿ!"

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನಾನು ಬಯಸಿದ್ದ ಪ್ರೇಕ್ಷಕರು ಅವರೇ.

"ರೊಕ್ಕಾ ಕೊಡ್ತೇನವಾ. ನಿಮಗ ಸಹಾಯ ಆಗ್ಲಿ ಅಂತ ಹಂಗಂದೆ" ಎಂದೆ.

"ಸಹಾಯ ಬ್ಯಾಡ್ರಿ. ತಿಂದು ನೋಡ್ರಿ, ಚಲೋ ಅನಿಸಿದ್ರ ಮತ್ತ ಬರ್ರಿ."

ರೊಟ್ಟಿ ಬಹಳ ಚೆನ್ನಾಗಿತ್ತು. ಆ ಸತ್ಯವನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಅವಿವೇಕವನ್ನೂ ಮಾಡಿದೆ. ನನ್ನಾಕೆ ಅಂದೇ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಈಗಲೂ ನಮ್ಮ ಮನೆಗೆ ರೊಟ್ಟಿ ಗಂಗವ್ವನ ಅಂಗಡಿಯಿಂದಲೇ ಬರುತ್ತದೆ.