ಒಗೆಯದ ಸೀರೆಯ ತುಂಡು

...ಅಥವಾ ಆ ವಾಸನೆ ಕೌದಿಯದ್ದೇ ಅಲ್ಲದಿರಬಹುದು. ಟ್ರಂಕಿನದ್ದಿರಬಹುದು. ತುಕ್ಕು, ಒಣಗಿದ ಬೇವಿನೆಲೆ, ಅವುಗಳ ಕೆಳಗೆ ಸಣ್ಣ ಮಕ್ಕಳು ಮಲಗಿ ಎದ್ದುಹೋದ ಜಾಗದ ಒಂದು ಹುಳಿ ವಾಸನೆ. ಈ ಮೂರನೆಯದನ್ನು ನಾನೇ ಸೇರಿಸಿಕೊಂಡೆನೋ ಏನೋ. ಹೋದ ವಾರ ಸಿಂದಗಿಯ ನಮ್ಮ ಬಾಡಿಗೆ ಮನೆಯಲ್ಲಿ ಅವ್ವ ಟ್ರಂಕಿನ ತಳದಿಂದ ಆ ಹಳೆಯ ಕೌದಿಯನ್ನು ಎಳೆದು ತೆಗೆದಾಗ ನನ್ನ ಬಾಯಿಂದ ಹೊರಟ ಮೊದಲ ಮಾತು “ಅಕ್ಕೋರು” ಎಂದು. ನಮ್ಮೂರ ಬಾಲವಾಡಿಯಲ್ಲಿ ನನಗೆ ಕಲಿಸಿದವರು. ಅವರ ಮುಖ ನೆನಪಿಲ್ಲ.

ಕೌದಿ ಹೊರಬಂದದ್ದು ನನ್ನ ಮಗಳ ಸಲುವಾಗಿ. ಅವಳಿಗೆ ಮೂರೂವರೆ ವರ್ಷ. ಶಾಲೆಯ ಅರ್ಜಿಯಲ್ಲಿ ಎರಡು ಚೌಕಗಳಿದ್ದವು: ಅರ್ಧ ದಿನ, ಪೂರ್ತಿ ದಿನ. ಪೂರ್ತಿ ದಿನ ಇರುವ ಮಕ್ಕಳು ಮಧ್ಯಾಹ್ನ ಮಲಗಲು ಮನೆಯಿಂದ ಹಾಸಿಗೆ ತರಬೇಕು. ನಾನು ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿರುವವಳು, ಬಿಡುವಾಗುವುದು ಐದಕ್ಕೆ. ಆದರೂ ಪೆನ್ನು ಎರಡು ದಿನ ಯಾವ ಚೌಕದ ಮೇಲೂ ಇಳಿಯಲಿಲ್ಲ.

“ಇಷ್ಟ್ ಸಣ್ಣ ಕೂಸಿನ್ನ ಸಂಜಿತನಕ ಸಾಲ್ಯಾಗ ಒಗದ್ ಬರ್ತಿಯೇನ?” ಅಂದಳು ಅವ್ವ.

“ನೀ ನನ್ನ ಬಿಟ್ಟು ಹೊಲಕ್ಕ ಹೋಗಿದ್ದಿಲ್ಲೇನು?”

“ನಿನ್ನ ಸಾಲ್ಯಾಗ ಎಲ್ಲಿ ಬಿಟ್ಟಿದ್ನಿ? ಅಕ್ಕೋರ ಹಂತ್ಯಾಕ ಬಿಟ್ಟಿದ್ದೆ.”

ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಲಿಲ್ಲ. ವ್ಯತ್ಯಾಸ ಅವಳ ತೊಡೆಯ ಮೇಲೆ ಮಡಚಿಕೊಂಡು ಬಿದ್ದಿತ್ತು.

ನಮ್ಮೂರ ಬಾಲವಾಡಿ ಎಂದರೆ ಚಾವಡಿಯ ಪಕ್ಕದ ಒಂದೇ ಕೋಣೆ, ನೆಲಕ್ಕೆ ಫರಸಿ ಕಲ್ಲು. ಅಕ್ಕೋರು ದೇವರ ಹಿಪ್ಪರಗಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬಾಲವಾಡಿ ಒಂದು ಗಂಟೆಯ ತನಕ ಮಾತ್ರ. ಉಪ್ಪಿಟ್ಟು ತಿನಿಸಿ, ಬಾಯಿ ಒರೆಸಿ, ಮಕ್ಕಳನ್ನು ಮನೆಗೆ ಕಳಿಸಿ, ಬಾಗೇವಾಡಿ ಕಡೆಯಿಂದ ಬರುವ ಎರಡು ಗಂಟೆಯ ಬಸ್ಸು ಹಿಡಿಯಬೇಕು. ಆದರೆ ಕಳೆ ತೆಗೆಯುವ ದಿನಗಳಲ್ಲಿ ಕಳಿಸಲು ಮನೆಗಳೆಲ್ಲಿ? ಎಲ್ಲ ಬಾಗಿಲಿಗೂ ಕೀಲಿ, ಕೀಲಿಕೈ ತೊಗರಿ ಹೊಲದಲ್ಲಿ ಬಗ್ಗಿದ ಹೆಂಗಸರ ಟೊಂಕದಲ್ಲಿ. ಅಕ್ಕೋರು ಎರಡು ಗಂಟೆಯ ಬಸ್ಸು ಹತ್ತುವುದನ್ನು ಬಿಡತೊಡಗಿದರು. ಯಾರಾದರೂ ಕೇಳಿಕೊಂಡರೋ, ತಾವಾಗಿಯೇ ಉಳಿದರೋ... ಅವ್ವನಿಗೂ ನೆನಪಿಲ್ಲ. ಸಂಜೆ ಐದೂವರೆಗೆ ಇನ್ನೊಂದು ಬಸ್ಸಿತ್ತು.

ಮಲಗಿಸುವಾಗ ಮಕ್ಕಳು ಅಳುತ್ತಿದ್ದರಂತೆ. ಅದಕ್ಕೆ ಅಕ್ಕೋರು ಪ್ರತಿ ತಾಯಿಯ ಹತ್ತಿರ ಹಳೆಯ ಸೀರೆಯ ಒಂದೊಂದು ತುಂಡು ಕೇಳಿದರು. ಎಲ್ಲ ಸೇರಿಸಿ ಅಗಲವಾದ ಕೌದಿ ಹೊಲಿದು, ಪ್ರತಿ ಮಗುವನ್ನೂ ಅದರ ತಾಯಿಯ ತುಂಡಿನ ಮೇಲೆಯೇ ಮಲಗಿಸುವುದು. ಒಂದೇ ಕರಾರು ಇತ್ತು.

“ಒಗೀಲಾರದ್ದು ಕೊಡ್ರಿ.”

“ಅಯ್ಯ, ಒಗೀಲಾರದ್ದು ಹ್ಯಾಂಗ ಕೊಡೂದ್ರಿ ಅಕ್ಕೋರ? ಬೆವರು ನಾರತೈತಿ.”

“ನಾರಲಿ ಯವ್ವಾ. ಅದಕ್ಕ ಕೇಳಾಕತ್ತೇನಿ.”

ಈ ಸಂಭಾಷಣೆ ನಾನು ಕೇಳಿದ್ದಲ್ಲ, ಅವ್ವ ಹೇಳಿದ್ದು. ಹೇಳುವಾಗ ಅಕ್ಕೋರ ಧ್ವನಿಯನ್ನು ಅನುಕರಿಸಿದಳು. ಆ ಧ್ವನಿ ಸರಿಯೇ ಎಂದು ಹೇಳುವವರು ಈಗ ಯಾರೂ ಇಲ್ಲ. ಆ ಕೌದಿಯನ್ನು ಅಕ್ಕೋರು ಬಿಸಿಲಿಗೆ ಹಾಕುತ್ತಿದ್ದರು, ನೀರಿಗೆ ಎಂದೂ ಹಾಕಲಿಲ್ಲ.

ನನಗೆ ನನ್ನದೇ ಆದ ಒಂದು ನೆನಪಿದೆ, ಅಥವಾ ಇತ್ತು. ಕೌದಿಯ ಅಂಚಿನಲ್ಲಿ, ಹಸಿರು ನೆಲದ ಮೇಲೆ ಸಣ್ಣ ಹಳದಿ ಹೂಗಳ ತುಂಡು. ಅದಕ್ಕೆ ಮೂಗು ಒತ್ತಿ ಮಲಗುತ್ತಿದ್ದೆ. ಅವ್ವನ ವಾಸನೆ ಎಂದರೆ ಇಷ್ಟು ವರ್ಷ ನನಗೆ ಅದೇ. ಹೋದ ವಾರ ಆ ತುಂಡಿನ ಮೇಲೆ ಬೆರಳಿಟ್ಟು “ಇದು ನಿಂದು” ಅಂದೆ.

ಅವ್ವ ತಲೆ ಅಲ್ಲಾಡಿಸಿದಳು. “ಹೊಲಕ್ಕ ಹೋಗಾಕ ಇಂಥಾ ಹೂವಿನ ಸೀರಿ ಉಡ್ತಿದ್ವೇನು? ನಂದು ಇದು ನೋಡು, ಕೆಂಪ ಚೌಕಡಿ.”

ಚೌಕಡಿ ಕೌದಿಯ ನಡುವೆ ಇತ್ತು. ಅದನ್ನು ಎಂದೂ ನೋಡಿಯೇ ಇಲ್ಲವೇನೋ ಎನ್ನುವ ಹಾಗೆ ನೋಡಿದೆ.

“ನಾ ಅದನ್ನ ಸಬಕಾರ ಹಚ್ಚಿ, ತಿಕ್ಕಿ ಒಗದು ಕೊಟ್ಟಿದ್ದೆ. ಹೊಲಸ ಅರಿವಿ ಕೊಟ್ಟಾಳ ಅಂತ ನಾಕ ಮಂದಿ ಅನಬಾರದಲ್ಲ? ನೀ ಅದರ ಮ್ಯಾಲ ಮಲಗ್ತಿದ್ದಿಲ್ಲ. ಹೊರಳಿ ಹೊರಳಿ ಅಂಚಿಗೆ ಹೋಗ್ತಿದ್ದಿ.”

“ಮತ್ತ ಇದು ಯಾರದು?”

“ಅಕ್ಕೋರ ಸೀರಿದು. ಅವರ ಮಗಳಿಗಂತ ಹಾಕಿದ್ರು.”

ಅವರಿಗೆ ಮಗಳಿದ್ದಳು. ನನ್ನಷ್ಟೇ ಸಣ್ಣವಳು. ಎರಡು ಮೂರು ದಿನ ತಾಯಿಯ ಜೊತೆ ಬಂದಳಂತೆ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗುತ್ತಿದ್ದುದರಿಂದ ಹಿಪ್ಪರಗಿಯಲ್ಲೇ ಪಕ್ಕದ ಮನೆಯಲ್ಲಿ ಬಿಟ್ಟು ಬರತೊಡಗಿದರು. ಆ ಪಕ್ಕದ ಮನೆಯವರು ಒಪ್ಪಿದ್ದು ಮಧ್ಯಾಹ್ನದ ತನಕ. ಐದೂವರೆಯ ಬಸ್ಸಿನ ದಿನಗಳಲ್ಲಿ ಆ ಹುಡುಗಿ ಉಳಿದ ಹೊತ್ತು ಎಲ್ಲಿರುತ್ತಿದ್ದಳು? ಅವ್ವ ಸೆರಗು ಸರಿಮಾಡಿಕೊಂಡಳು. “ನಾವು ಕೇಳಲೇ ಇಲ್ಲ ಯವ್ವಾ” ಅಂದಳು.

ಒಂದು ದಿನ ಹಿಪ್ಪರಗಿ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಬಾಲವಾಡಿಯ ಬಾಗಿಲಿಗೆ ಬಂದು ಏನೋ ಹೇಳಿದ. ಇದು ನನ್ನ ನೆನಪೇ ಇರಬೇಕು, ಅವ್ವ ಆಗ ಹೊಲದಲ್ಲಿದ್ದಳು. ಅಕ್ಕೋರು ಎರಡು ಗಂಟೆಯ ಬಸ್ಸಿಗೆ ಓಡಿದರು. ಕೌದಿ ಹಾಸಿಯೇ ಇತ್ತು... ಹಾಸಿತ್ತೆಂದು ಈಗ ಅನಿಸುತ್ತದೆ. ಕೀಲಿ ಹಾಕಿದ್ದ ನಮ್ಮ ಮನೆಯ ಬಾಗಿಲ ಕಟ್ಟೆಯ ಮೇಲೆ ನಾನು ಸಂಜೆಯ ತನಕ ಕೂತಿದ್ದೆನಂತೆ. ಅವ್ವ ಬಂದು ಎತ್ತಿಕೊಂಡಾಗ ಬಿಸಿಲಿಗೆ ನನ್ನ ಮೈ ಕಾದಿತ್ತು.

ಅಕ್ಕೋರು ಮತ್ತೆ ಬಂದದ್ದು ನಾಲ್ಕು ದಿನ ಬಿಟ್ಟು. ಅವ್ವ ಬಾಗಿಲಲ್ಲೇ ತಡೆದು ನಿಂತಳು.

“ಕೂಸುಗೋಳನ್ನ ಬಿಟ್ಟು ಹ್ಯಾಂಗ ಹೋದ್ರಿ ಅಕ್ಕೋರ? ಯಾರಿಗರ ಒಂದು ಮಾತು ಹೇಳಾಕ ಬರ್ತಿದ್ದಿಲ್ಲೇನು?”

“ನನ್ನ ಕೆಲಸ ಒಂದು ಗಂಟಿತನಕ ಐತ್ರಿ.”

ಅಷ್ಟೇ ಅಂದರಂತೆ. ಆಮೇಲೆ ಎಂದೂ ಎರಡು ಗಂಟೆಯ ಬಸ್ಸು ತಪ್ಪಿಸಲಿಲ್ಲ. ಅಮ್ಮಂದಿರು ಮಕ್ಕಳನ್ನು ಹೊಲಕ್ಕೇ ಒಯ್ದರು, ಬನ್ನಿ ಗಿಡದ ನೆರಳಿಗೆ ಮಲಗಿಸಿದರು. ಬೇಸಿಗೆಗೆ ಬಾಲವಾಡಿ ಮುಚ್ಚುವಾಗ ಅಕ್ಕೋರು ಕೌದಿಯನ್ನು ಅವ್ವನ ಕೈಗಿಟ್ಟರು. ಮಳೆಗಾಲಕ್ಕೆ ಬೇರೆ ಯಾರೋ ಬಂದರು.

“ಆ ಹುಡುಗಿಗೆ ಏನಾಗಿತ್ತು ಅವ್ವಾ?”

“ಜ್ವರ ಅಂದ್ರು ಯಾರೋ. ಬಾವಿ ಕಡೆ ಹೋಗಿದ್ಲು ಅಂದ್ರು ಇನ್ನೊಬ್ರು. ನಾ ಜಗಳಕ್ಕ ನಿಂತಿದ್ದೆ, ಹ್ಯಾಂಗ ಕೇಳ್ಲಿ?”

ಸೋಮವಾರ ಅರ್ಜಿ ಕೊಟ್ಟೆ. ಪೂರ್ತಿ ದಿನ ಎಂದೇ ಗುರುತು ಹಾಕಿದೆ, ಬೇರೆ ದಾರಿ ಇರಲಿಲ್ಲ. ಅರ್ಜಿ ತೆಗೆದುಕೊಂಡ ಟೀಚರಿಗೆ ನನ್ನಷ್ಟೇ ವಯಸ್ಸು. “ನಿಮ್ಮ ಮಕ್ಕಳ್ನ ಯಾರು ನೋಡ್ಕೋತಾರ್ರಿ?” ಎಂದು ಕೇಳಿದೆ. ಅವರು ನಕ್ಕು “ನಡಿತೈತ್ರಿ” ಅಂದರು. ಮುಂದೆ ಕೇಳಲು ನನಗೂ ಆಗಲಿಲ್ಲ. ಮಗಳ ಚೀಲದಲ್ಲಿ ನಾನು ಹಿಂದಿನ ದಿನ ಹೊದ್ದಿದ್ದ ದುಪಟ್ಟಾ ಇಟ್ಟೆ, ಒಗೆಯದೆ.

ಕೌದಿ ಮತ್ತೆ ಟ್ರಂಕಿನಲ್ಲಿದೆ. ದೇವರ ಹಿಪ್ಪರಗಿ ಇಲ್ಲಿಂದ ದೂರವೇನಿಲ್ಲ, ಹೋಗಿ ವಿಚಾರಿಸಬಹುದು. ಇನ್ನೂ ಹೋಗಿಲ್ಲ. ಆ ಹುಡುಗಿ ಬದುಕಿದಳೋ ಇಲ್ಲವೋ ನನಗೆ ಗೊತ್ತಿಲ್ಲ.