ಒಡ್ಡಿನ ಕಿಂಡಿ

ಖಾಸಗಿ ಯೋಜಕರು ಗದ್ದೆಗಳ ಮಣ್ಣು, ನೀರು ಉಳಿಸಲು ಬರೆದ ನಕ್ಷೆಗಳನ್ನು ಸರ್ಕಾರದ ದಾಖಲೆಗೆ ಸೇರಿಸುವ ಸಾಫ್ಟ್‌ವೇರ್ ನಮ್ಮದು. ಮಹಾಪೆಯ ಎಸಿ ಕಚೇರಿಯಲ್ಲಿ ಕೂತು ಮಾಡಿದ್ದನ್ನು ಪರೀಕ್ಷಿಸಲು, ಮೊದಲ ಮಳೆಯ ಮರುದಿನ ಕಲ್ಯಾಣದಾಚೆಯ ಒಂದು ಗದ್ದೆಗೆ ಹೋದೆ. ಮಂಜಿನಲ್ಲಿ ಗದ್ದೆಗೂ ಆಕಾಶಕ್ಕೂ ಒಂದೇ ಬಣ್ಣ. ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯದು. ಅಲ್ಲಿ ಒಡ್ಡು ಹಾಕುತ್ತಿದ್ದವರು ವಿಜಯಪುರದ ಮಲ್ಲಪ್ಪ.

ಮೊಬೈಲು ಹಿಡಿದು ಒಡ್ಡಿನ ಗುಂಟ ಒಂದು ಸುತ್ತು ನಡೆದೆ; ನಡೆದ ದಾರಿಯೇ ಅದರಲ್ಲಿ ನಕ್ಷೆಯ ಗೆರೆ. ಮೊಬೈಲು ಕೆಂಪಾಗಿ, ಗೆರೆ ಕೂಡಿಲ್ಲ ಎಂದಿತು. ನೋಡಿದರೆ ಮೂಲೆಯಲ್ಲಿ ಮೊಳದಗಲದ ಕಿಂಡಿ.

"ಇದನ್ನ ಮುಚ್ಚಿಬಿಡಿ, ಮಲ್ಲಪ್ಪನವರೇ."

"ಮುಚ್ಚಿದ್ರ ಹೆಚ್ಚಿನ ನೀರು ಎಲ್ಲಿ ಹೋಗ್ಬೇಕ್ರೀ ಸರ? ಕೆಳಗಿನ ಗದ್ದಿಯಾಕಿ ಅದಕ್ಕ ಕಾಯಾಕತ್ತಾಳ."

ಕೆಳಗೆ ಮಂಜಿನೊಳಗಿಂದ ಒಬ್ಬ ಮುದುಕಿ ಕೈಯೆತ್ತಿದಳು. ನಾನು ಪರದೆಯ ಮೇಲಷ್ಟೇ ಬೆರಳಿನಿಂದ ಕಿಂಡಿ ಮುಚ್ಚಿದೆ. ಮೊಬೈಲು ಹಸಿರಾಯಿತು, ನಕ್ಷೆ ಸರ್ಕಾರವನ್ನು ಸೇರಿತು.

ಮಳೆಗಾಲ ಮುಗಿದ ಮೇಲೆ ಸರ್ಕಾರದಿಂದ ಉತ್ತರ ಬಂತು: ಒಡ್ಡು ನಕ್ಷೆಯಂತಿಲ್ಲ, ಒಡ್ಡನ್ನು ಸರಿಪಡಿಸಿ.

ತಪ್ಪು ನಕ್ಷೆಯದು ಎಂದು ಬರೆಯಲು ಹೊರಟೆ. ಹಾಗೆ ಬರೆಯಲು ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಕಿಂಡಿಯಷ್ಟೂ ಜಾಗವಿರಲಿಲ್ಲ. ಆ ಸಾಫ್ಟ್‌ವೇರನ್ನು ಕಟ್ಟಿದ್ದು ಮಲ್ಲಪ್ಪನವರಲ್ಲವಲ್ಲ, ನಾನು.